ಗೋಡೆಯೊಳಗೆ ಉಳಿದ ಮಳೆ

ಇಂಗ್ಲೆಂಡಿನಲ್ಲಿ ಸೆಕೆಂಡ್‌ಹ್ಯಾಂಡ್ ಮೋಟಾರ್‌ಹೋಮ್ (ವ್ಯಾನಿನ ಮೇಲೆ ಕಟ್ಟಿದ ಮನೆ) ಕೊಳ್ಳಲು ಹೊರಟ ಅನುಭವಸ್ಥರ ಜೇಬಿನಲ್ಲಿ ಒಂದು ತೇವಮಾಪಕ ಇರುತ್ತದೆ. ಅಂಗೈಯಗಲದ ಪೆಟ್ಟಿಗೆ, ತುದಿಯಲ್ಲಿ ಎರಡು ಸೂಜಿ. ಬಾಗಿಲು ತೆಗೆದಾಗ ಬರುವ ಮುಗ್ಗಲು ವಾಸನೆಯನ್ನು ಸುಗಂಧ ಸಿಂಪಡಿಸಿ ಮುಚ್ಚಬಹುದು, ಕಲೆ ಬಿದ್ದ ವಾಲ್‌ಪೇಪರಿಗೆ ಹೊಸ ಪರದೆ ಇಳಿಬಿಡಬಹುದು. ಸೂಜಿಗೆ ಅದಾವುದೂ ಲೆಕ್ಕಕ್ಕಿಲ್ಲ. ಕಿಟಕಿಯ ಕೆಳಮೂಲೆ, ಚಾವಣಿ ಮತ್ತು ಗೋಡೆ ಸೇರುವ ಅಂಚು, ಚಾಲಕನ ತಲೆಯ ಮೇಲೆ ಮುಂದಕ್ಕೆ ಚಾಚಿಕೊಂಡ ಮಲಗುವ ಗೂಡು, ಹಿಂಬದಿಯ ದೀಪಗಳಿಗೆ ಬೆನ್ನಾದ ಬೀರು, ಇಷ್ಟು ಕಡೆ ಸೂಜಿ ಚುಚ್ಚಿ ಅಂಕಿ ನೋಡುತ್ತಾರೆ. 15ರೊಳಗಿದ್ದರೆ ಚಿಂತೆಯಿಲ್ಲ. 15ರಿಂದ 20 ಇದ್ದರೆ ಕಣ್ಣಿಟ್ಟಿರಬೇಕು. 20 ದಾಟಿತೆಂದರೆ ಎಲ್ಲಿಂದಲೋ ನೀರು ಇಳಿಯುತ್ತಿದೆ. 30 ಬಂದರೆ ಅಲ್ಲಿನ ಮರದ ಕಥೆ ಬಹುಪಾಲು ಮುಗಿದಿದೆ.

ಈ 20ರ ಗಡಿಯನ್ನು ವ್ಯಾಪಾರಿಗಳು ಸುಮ್ಮನೆ ಹಾಕಿಕೊಂಡದ್ದಲ್ಲ. ಅದರ ಹಿಂದೆ ಮರದ ಜೀವಕೋಶದ ರಚನೆಯಿದೆ, ಶಿಲೀಂಧ್ರದ ಹೊಟ್ಟೆಪಾಡಿದೆ. ಗರಗಸ ಹಿಡಿಯುವ ಮೊದಲು ಇವೆರಡನ್ನೂ ತಿಳಿದುಕೊಳ್ಳದವರು ಅದೇ ಗೋಡೆಯನ್ನು ಎರಡೆರಡು ಸಲ ರಿಪೇರಿ ಮಾಡುತ್ತಾರೆ.

ಮೊದಲು ಅಂಕಿಯ ಅರ್ಥ. ಒಂದು ಮರದ ತುಂಡು 120 ಗ್ರಾಂ ತೂಗುತ್ತದೆ ಎನ್ನಿ. ಅದನ್ನು 103 ಡಿಗ್ರಿ ಸೆಲ್ಸಿಯಸ್ ಒಲೆಯಲ್ಲಿ, ಇನ್ನು ತೂಕ ಇಳಿಯುವುದಿಲ್ಲ ಎನ್ನುವವರೆಗೆ ಒಣಗಿಸಿದಾಗ 100 ಗ್ರಾಂ ಉಳಿದರೆ ಅದರ ತೇವಾಂಶ 20%. ಹೋದ ನೀರಿನ ತೂಕವನ್ನು ಒಣಮರದ ತೂಕಕ್ಕೆ ಹೋಲಿಸುವುದು ಪದ್ಧತಿ. ಹಾಗಾಗಿಯೇ ನೀರಲ್ಲಿ ಮುಳುಗಿದ ಹಗುರ ಮರದ ತೇವಾಂಶ 100% ಮೀರಿದರೂ ಅಚ್ಚರಿಯಿಲ್ಲ. ಜೇಬಿನ ಮಾಪಕ ಮರವನ್ನು ತೂಗಲಾರದು. ಅದು ಎರಡು ಸೂಜಿಗಳ ನಡುವಿನ ವಿದ್ಯುತ್ ರೋಧವನ್ನು ನೋಡಿ ತೇವವನ್ನು ಅಂದಾಜು ಮಾಡುತ್ತದೆ. ಒಣಮರ ಒಳ್ಳೆಯ ಅವಾಹಕ. ಇಂಥ ಮಾಪಕಗಳಿಗೆ ಹಿಂದಿನಿಂದಲೂ ಅಳತೆಗೋಲಾಗಿರುವ ಡಗ್ಲಸ್ ಫರ್ ಮರದಲ್ಲಿ ತೇವಾಂಶ 7% ಇರುವಾಗ ರೋಧ ಸುಮಾರು 22,000 ಮೆಗಾಓಮ್. 20% ಆಗುವ ಹೊತ್ತಿಗೆ 2 ಮೆಗಾಓಮಿನ ಆಸುಪಾಸು. ಹದಿಮೂರು ಅಂಶ ತೇವ ಏರಿದ್ದಕ್ಕೆ ರೋಧ ಹತ್ತು ಸಾವಿರ ಪಟ್ಟು ಕುಸಿಯುತ್ತದೆ. ಅಗ್ಗದ ಮಾಪಕವೂ ತಕ್ಕಮಟ್ಟಿಗೆ ಸತ್ಯ ಹೇಳುವುದು ಈ ಭಾರಿ ಅಂತರದಿಂದಾಗಿ. ಅದು ಎಡವುವುದು ಚಳಿಯಲ್ಲಿ. ತಣ್ಣಗಿನ ಮರದ ರೋಧ ಹೆಚ್ಚು, ಆದ್ದರಿಂದ ಸೊನ್ನೆ ಡಿಗ್ರಿಯ ಜನವರಿ ಬೆಳಗ್ಗೆ ಮಾಪಕ ಸುಮಾರು 2 ಅಂಶ ಕಡಿಮೆಯೇ ತೋರಿಸುತ್ತದೆ. ಚಳಿಗಾಲದಲ್ಲಿ ಗಾಡಿ ನೋಡಲು ಹೋದವರು 18ನ್ನು 20 ಎಂದೇ ಓದಿಕೊಳ್ಳಬೇಕು.

ಮರದಲ್ಲಿ ನೀರು ಎರಡು ರೀತಿಯಲ್ಲಿ ನೆಲೆಸುತ್ತದೆ. ಜೀವಕೋಶದ ಭಿತ್ತಿಯಲ್ಲಿ ಸೆಲ್ಯುಲೋಸಿಗೂ ಹೆಮಿಸೆಲ್ಯುಲೋಸಿಗೂ ಹೈಡ್ರೋಜನ್ ಬಂಧದಿಂದ ಅಂಟಿಕೊಂಡ ನೀರು ಒಂದು. ಭಿತ್ತಿ ತುಂಬಿದ ಮೇಲೆ ಕೋಶದ ಟೊಳ್ಳಿನಲ್ಲಿ ನಿಲ್ಲುವ ಬಿಡಿ ನೀರು ಇನ್ನೊಂದು. ಭಿತ್ತಿ ಪೂರ್ತಿ ತುಂಬಿ ಟೊಳ್ಳು ಇನ್ನೂ ಖಾಲಿಯಿರುವ ಹಂತ ಹೆಚ್ಚಿನ ಮರಗಳಲ್ಲಿ 28ರಿಂದ 30%ಕ್ಕೆ ಬರುತ್ತದೆ. ಮರ ಕೊಳೆಸುವ ಶಿಲೀಂಧ್ರಕ್ಕೆ ಬೇಕಾದದ್ದು ಈ ಬಿಡಿ ನೀರು. ತನ್ನ ರಸಾಯನಗಳನ್ನು ಹೊರಬಿಟ್ಟು, ಕರಗಿದ ಸಕ್ಕರೆಯನ್ನು ಒಳಗೆಳೆದುಕೊಳ್ಳಲು ಅದಕ್ಕೊಂದು ನೀರಿನ ಪದರ ಬೇಕೇ ಬೇಕು. ಹೊಸದಾಗಿ ಬೇರೂರಲು ಅದು 30%ರ ಸಮೀಪದ ತೇವ ಬಯಸುತ್ತದೆ. ನೆಲೆ ನಿಂತಮೇಲೆ ಇನ್ನೂ ಸ್ವಲ್ಪ ಕಡಿಮೆಯಲ್ಲೂ ನಿಭಾಯಿಸುತ್ತದೆ. 20% ಎಂಬುದು ಇದಕ್ಕೂ ಕೆಳಗೆ, ಮಾಪಕದ ತಪ್ಪನ್ನೂ ಗೋಡೆಯ ಒಂದೊಂದು ಜಾಗ ಒಂದೊಂದು ಬಗೆಯಲ್ಲಿ ಒದ್ದೆಯಾಗುವುದನ್ನೂ ಲೆಕ್ಕಕ್ಕೆ ಹಿಡಿದು ಬಿಟ್ಟುಕೊಂಡ ಅಂಚು. ಚಾವಣಿಯಡಿ ಇಟ್ಟ ಮರ ಬ್ರಿಟನ್ನಿನ ಹವೆಯಲ್ಲಿ ತಾನಾಗಿಯೇ 15-18%ರಲ್ಲಿ ನಿಲ್ಲುತ್ತದೆ. ಬರೀ ಗಾಳಿಯ ತೇವದಿಂದ ಅದು ಕೊಳೆಯುವುದಿಲ್ಲ. ಮಳೆಯಲ್ಲಿ ನೆಂದು ಬಿಸಿಲಿಗೆ ಒಣಗುವ ಬೇಲಿಗೂಟವೂ ನೆಲದ ಮೇಲಿನ ಭಾಗದಲ್ಲಿ ಎಷ್ಟೋ ವರ್ಷ ಬಾಳುತ್ತದೆ. ನೆಂದದ್ದು ಒಣಗಲು ದಾರಿಯಿಲ್ಲದ ಕಡೆ ಮಾತ್ರ ಮರ ಸೋಲುತ್ತದೆ, ಮತ್ತು ಮೋಟಾರ್‌ಹೋಮಿನ ಗೋಡೆಯನ್ನು ಕಟ್ಟಿರುವುದೇ ಒಣಗಲಾಗದ ಹಾಗೆ.

ಆ ಗೋಡೆಯನ್ನು ಅಡ್ಡ ಸೀಳಿ ನೋಡೋಣ. ಹೊರಗೆ ಒಂದು ಮಿಲಿಮೀಟರ್ ಆಸುಪಾಸಿನ ಅಲ್ಯೂಮಿನಿಯಂ ತಗಡು. ಅದರ ಬೆನ್ನಿಗೆ ಸ್ಪ್ರೂಸ್ ಅಥವಾ ಪೈನ್ ಮರದ ರೀಪುಗಳ ಚೌಕಟ್ಟು. ರೀಪುಗಳ ನಡುವೆ ಸುಮಾರು 25 ಮಿ.ಮೀ. ದಪ್ಪದ ಥರ್ಮೋಕೋಲ್. ಒಳಗೆ 3 ಮಿ.ಮೀ. ಪ್ಲೈವುಡ್, ಅದರ ಮೇಲೆ ವಿನೈಲ್ ಕಾಗದ. ಫಿಯಟ್ ಡುಕಾಟೊ ಅಥವಾ ಫೋರ್ಡ್ ಟ್ರಾನ್ಸಿಟ್‌ನಂಥ ವ್ಯಾನಿನ ಷಾಸಿಯ ಮೇಲೆ ಇಂಥ ಗೋಡೆಗಳನ್ನು ಜೋಡಿಸಿ ಮನೆ ಕಟ್ಟುತ್ತಾರೆ. ಇಷ್ಟು ತೆಳುವೇಕೆ ಎಂದರೆ ತೂಕ. 1997ರ ಜನವರಿ 1ರಿಂದೀಚೆಗೆ ಕಾರಿನ ಪರೀಕ್ಷೆ ಪಾಸಾದ ಬ್ರಿಟಿಷರು ಅದೇ ಲೈಸೆನ್ಸಿನಲ್ಲಿ ಓಡಿಸಬಹುದಾದ ಮೋಟಾರ್‌ಹೋಮಿಗೆ 3,500 ಕೆ.ಜಿ. ಮಿತಿ. ಅಡುಗೆಮನೆ, ಬಚ್ಚಲು, ಹಾಸಿಗೆ, ನೀರಿನ ಟ್ಯಾಂಕು, ಜನ, ಸಾಮಾನು ಎಲ್ಲ ಅದರೊಳಗೇ ಅಡಕವಾಗಬೇಕು. ಹಗುರವೂ ಅಗ್ಗವೂ ಆದ ಸ್ಪ್ರೂಸ್ ಆ ಲೆಕ್ಕಕ್ಕೆ ಸರಿಹೊಂದುತ್ತದೆ. ಬಾಳಿಕೆಯಲ್ಲಿ ಮಾತ್ರ ಅದು ಹಿಂದೆ. ಮರಗಳ ಸಹಜ ತಾಳಿಕೆಯನ್ನು ಐದು ದರ್ಜೆಗಳಲ್ಲಿ ಅಳೆಯುವ ಯೂರೋಪಿನ ಪಟ್ಟಿಯಲ್ಲಿ ನಮ್ಮ ಸಾಗುವಾನಿಯ ತಿರುಳು ಮೊದಲ ದರ್ಜೆಯಲ್ಲಿದ್ದರೆ ಸ್ಪ್ರೂಸ್ ನಾಲ್ಕನೆಯದರಲ್ಲಿದೆ. ಪ್ಲೈವುಡ್ಡಿಗೆ ಬಳಸುವ ಬರ್ಚ್ ಐದನೆಯದರಲ್ಲಿ.

ಹೊರಗಿನ ತಗಡು ಆವಿಯನ್ನು ಬಿಡುವುದಿಲ್ಲ, ಒಳಗಿನ ವಿನೈಲೂ ಬಿಡುವುದಿಲ್ಲ. ಎರಡರ ನಡುವೆ ಒಂದು ಲೋಟ ನೀರು ಸೇರಿಕೊಂಡರೆ ಹೊರಹೋಗುವ ದಾರಿಯೇ ಇಲ್ಲ. ಆದರೆ ಒಳಗೆ ಬರುವ ದಾರಿ ಹೇಗೆ ಬಿಡುತ್ತದೆ?

ಬಹುಪಾಲು ಸಲ ಬಿಸಿಲಿನಿಂದ. ಆರು ಮೀಟರ್ ಉದ್ದದ ಚಾವಣಿಯ ಅಲ್ಯೂಮಿನಿಯಂ, ಚಳಿಗಾಲದ ರಾತ್ರಿಗೂ ಬೇಸಿಗೆಯ ಮಧ್ಯಾಹ್ನಕ್ಕೂ ನಡುವೆ 40 ಡಿಗ್ರಿ ವ್ಯತ್ಯಾಸ ಕಂಡರೆ, ಐದೂವರೆ ಮಿಲಿಮೀಟರ್ ಹಿಗ್ಗುತ್ತದೆ. ಅದರ ಕೆಳಗಿನ ರೀಪು ತನ್ನ ಎಳೆಯುದ್ದಕ್ಕೆ ಹಿಗ್ಗುವುದು ಹೆಚ್ಚೆಂದರೆ ಒಂದು ಮಿಲಿಮೀಟರ್. ಈ ಎಳೆದಾಟವನ್ನು ತಾಳಿಕೊಳ್ಳಬೇಕಾದದ್ದು ತಗಡುಗಳು ಕೂಡುವ ಮೂಲೆಗಳನ್ನು ಮುಚ್ಚುವ ಪಟ್ಟಿಗಳ ಕೆಳಗಿನ ಮ್ಯಾಸ್ಟಿಕ್, ಅಂದರೆ ಗಟ್ಟಿಯಾಗದ ಬ್ಯುಟೈಲ್ ಅಂಟು. ಹೊಸದರಲ್ಲಿ ಅದು ಬೆರಳಿಗೆ ಮೆತ್ತಿಕೊಳ್ಳುವಷ್ಟು ಮೃದು. ವರ್ಷ ಕಳೆದಂತೆ ಒಳಗಿನ ಎಣ್ಣೆಯಂಶ ಹೋಗಿ, ಉಗುರು ತಾಗಿಸಿದರೆ ಪುಡಿಯಾಗುತ್ತದೆ. ಆಗ ತಗಡಿಗೂ ಅಂಟಿಗೂ ನಡುವೆ ಕೂದಲೆಳೆಯ ಸಂದು ತೆರೆದುಕೊಳ್ಳುತ್ತದೆ. ದೊಡ್ಡ ತೂತಿಗಿಂತ ಈ ಸಂದಿನ ಅಪಾಯವೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ದೊಡ್ಡ ತೂತು ಸೋರಿದರೆ ಹಾಸಿಗೆ ಒದ್ದೆಯಾಗಿ ಅಂದೇ ಗೊತ್ತಾಗುತ್ತದೆ. ಕೂದಲೆಳೆ ಸಂದು ಮೇಲ್ಮೈ ಸೆಳೆತದಿಂದ ನೀರನ್ನು ಸದ್ದಿಲ್ಲದೆ ಹೀರಿಕೊಳ್ಳುತ್ತದೆ, ಪಟ್ಟಿಯನ್ನು ಹಿಡಿದಿಟ್ಟ ಸ್ಕ್ರೂಗಳ ಸುತ್ತ ಇಳಿಸುತ್ತದೆ, ಸ್ಕ್ರೂಗಳು ನೇರ ರೀಪಿನ ಹೊಟ್ಟೆಗೆ ಒಯ್ಯುತ್ತವೆ. ತುಕ್ಕು ಹಿಡಿದ ಒಂದು ಸ್ಕ್ರೂ ಬಿಚ್ಚಿ ನೋಡಿ: ತಲೆ ಹೊಳೆಯುತ್ತಿರುತ್ತದೆ, ಕುತ್ತಿಗೆ ಸವೆದು ಕಂದು ಪುಡಿ ಉದುರುತ್ತದೆ, ಮರದೊಳಗಿದ್ದ ತುದಿಗೆ ಕಪ್ಪು ನಾರು ಸುತ್ತಿಕೊಂಡಿರುತ್ತದೆ. ನೀರು ಎಲ್ಲಿ ಇಳಿಯಿತು, ಎಲ್ಲಿ ನಿಂತಿತು ಎರಡನ್ನೂ ಆ ಒಂದು ಸ್ಕ್ರೂ ಹೇಳುತ್ತದೆ.

ಒಳಸೇರಿದ ನೀರು ಇಳಿದಲ್ಲೇ ನಿಲ್ಲುವುದಿಲ್ಲ. ಸ್ಪ್ರೂಸ್ ಮರದಲ್ಲಿ ನೀರು ಎಳೆಯ ಅಡ್ಡಕ್ಕೆ ಹೋಗುವುದಕ್ಕಿಂತ ಎಳೆಯುದ್ದಕ್ಕೆ ಹತ್ತು ಪಟ್ಟಿಗೂ ಹೆಚ್ಚು ವೇಗವಾಗಿ ಹರಡುತ್ತದೆ. ಚಾವಣಿಯ ಅಂಚಿನಲ್ಲಿ ನುಸುಳಿದ್ದು ನಿಂತ ರೀಪಿನ ಕೊಯ್ದ ತುದಿಗೆ ಸಿಕ್ಕರೆ ಹಾಗೇ ಕೆಳಗಿಳಿದು, ಕಿಟಕಿಯ ಅಡ್ಡರೀಪಿನ ಮೇಲೆ ನಿಂತು, ಅಲ್ಲಿಂದ ಪಕ್ಕಕ್ಕೆ ಸರಿದು, ಕೊನೆಗೆ ನೆಲದ ಪ್ಲೈವುಡ್ಡಿನ ಅಂಚಿಗೆ ಬರುತ್ತದೆ. ವಾಲ್‌ಪೇಪರಿನ ಮೇಲೆ ಕಲೆ ಕಂಡ ಜಾಗ ಪಯಣದ ಕೊನೆಯ ನಿಲ್ದಾಣ. ಅದರ ಹಿಂದೆಯೇ ಸೋರಿಕೆ ಇದೆಯೆಂದು ನಂಬಿ ಅಲ್ಲಿಗೆ ಅಂಟು ಬಳಿಯುವುದರಲ್ಲಿ ಎಷ್ಟೋ ವಾರಾಂತ್ಯಗಳು ವ್ಯರ್ಥವಾಗುತ್ತವೆ. ಗೋಡೆಯ ಮೇಲೆ ಒಂದೊಂದು ಗೇಣಿಗೂ ಮಾಪಕ ಇಟ್ಟು, ಅಂಕಿಗಳನ್ನು ಕಾಗದದಲ್ಲಿ ಬರೆದು, ಅತಿ ಹೆಚ್ಚಿನ ಅಂಕಿಯಿಂದ ಮೇಲಕ್ಕೆ ನಡೆದುಕೊಂಡು ಹೋಗಬೇಕು.

ಎಲ್ಲ ತೇವವೂ ಮಳೆಯದಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಒಂದು ಕೆ.ಜಿ. ಪ್ರೊಪೇನ್ ಉರಿದರೆ ಒಂದೂವರೆ ಲೀಟರಿಗೂ ಮಿಕ್ಕಿ ನೀರು ಆವಿಯಾಗಿ ಹೊರಬರುತ್ತದೆ. ಚಳಿಗೆ ಕಿಟಕಿ ಮುಚ್ಚಿ, ಒಲೆಯ ಮೇಲೆ ಅನ್ನಕ್ಕಿಟ್ಟು, ನಾಲ್ಕು ಜನ ಮಲಗಿದರೆ ಆ ಆವಿ ತಣ್ಣಗಿನ ಮೂಲೆಗಳಲ್ಲಿ ಇಬ್ಬನಿಯಾಗಿ ಕೂರುತ್ತದೆ. 20 ಡಿಗ್ರಿಯಲ್ಲಿ ಅರ್ಧ ತೇವ ಹೊತ್ತ ಗಾಳಿ 9 ಡಿಗ್ರಿಯ ಗೋಡೆ ತಾಕಿದರೆ ಸಾಕು. ಆದರೆ ಈ ನೀರು ಮೇಲ್ಮೈಯಲ್ಲಿರುತ್ತದೆ, ಬೂಷ್ಟು ಬೆಳೆಸುತ್ತದೆ, ಗಾಳಿಯಾಡಿಸಿದರೆ ಕೆಲವು ದಿನಗಳಲ್ಲಿ ಅಂಕಿ ಇಳಿಯುತ್ತದೆ. ವಾರಗಟ್ಟಲೆ ಹೀಟರ್ ಹಾಕಿದರೂ ಇಳಿಯದ ಅಂಕಿ ಗೋಡೆಯ ಒಳಗಿನದು.

ಈಗ ಶಿಲೀಂಧ್ರದ ಕಡೆಗೆ. ಹತ್ತೊಂಬತ್ತನೇ ಶತಮಾನದವರೆಗೂ ಕೊಳೆತ ಮರದಲ್ಲಿ ಅಣಬೆ ಹುಟ್ಟುತ್ತದೆ ಎಂದು ವಿದ್ವಾಂಸರೇ ನಂಬಿದ್ದರು. ಅಣಬೆಯೇ ಮರವನ್ನು ಕೊಳೆಸುತ್ತದೆ ಎಂದು ಸೂಕ್ಷ್ಮದರ್ಶಕದಡಿ ತೋರಿಸಿಕೊಟ್ಟವನು ಜರ್ಮನಿಯ ಅರಣ್ಯವಿಜ್ಞಾನಿ ರಾಬರ್ಟ್ ಹಾರ್ಟಿಗ್, 1870ರ ದಶಕದಲ್ಲಿ. ಬ್ರಿಟನ್ನಿನ ಒದ್ದೆ ಮರಗಳಲ್ಲಿ ಸಾಮಾನ್ಯವಾಗಿ ಕಾಣಸಿಗುವುದು ಕೋನಿಯೋಫೋರಾ ಪುಟಿಯಾನಾ ಎಂಬ ನೆಲಮಾಳಿಗೆಯ ಶಿಲೀಂಧ್ರ. ಹಳೆಯ ಮನೆಗಳಿಗೆ ದುಃಸ್ವಪ್ನವಾದ ಸರ್ಪುಲಾ ಲ್ಯಾಕ್ರಿಮನ್ಸ್ ಇನ್ನೊಂದು. ಅದು ಹಿಮಾಲಯದ ಕಾಡುಗಳಲ್ಲಿ ಬಿದ್ದ ಮರಗಳ ಮೇಲೂ ಸಿಕ್ಕಿದೆ. ಆದರೆ ಇಟ್ಟಿಗೆ ಗಾರೆಯ ನೆರೆ ಬಯಸುವ ಆ ಜೀವಿಗೆ ಮೋಟಾರ್‌ಹೋಮಿನಲ್ಲಿ ಅಷ್ಟಾಗಿ ಕೆಲಸವಿಲ್ಲ.

ಇವೆರಡೂ ಕಂದು ಕೊಳೆತದ ಬಳಗಕ್ಕೆ ಸೇರಿದವು. ಇವುಗಳ ತಂತ್ರ ನನಗೆ ಯಾವತ್ತೂ ಬೆರಗಿನ ವಿಷಯ. ಆರೋಗ್ಯವಂತ ಮರದ ಕೋಶಭಿತ್ತಿಯ ರಂಧ್ರಗಳು ಎಷ್ಟು ಕಿರಿದೆಂದರೆ ಶಿಲೀಂಧ್ರದ ಕಿಣ್ವಗಳಿಗೆ ಒಳಗೆ ಜಾಗವಿಲ್ಲ. ಆದ್ದರಿಂದ ಶಿಲೀಂಧ್ರ ಮೊದಲು ಕಿಣ್ವಗಳಿಗಿಂತ ಚಿಕ್ಕದನ್ನು ಕಳಿಸುತ್ತದೆ: ಹೈಡ್ರೋಜನ್ ಪೆರಾಕ್ಸೈಡ್, ಮತ್ತು ಕಬ್ಬಿಣದ ಅಯಾನು. ಎರಡೂ ಭಿತ್ತಿಯೊಳಗೆ ಸಂಧಿಸಿದಾಗ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎಂಬ, ಎದುರಿಗೆ ಸಿಕ್ಕಿದ್ದನ್ನೆಲ್ಲ ಕಡಿಯುವ ತುಣುಕು ಹುಟ್ಟುತ್ತದೆ. ಕೇಂಬ್ರಿಜ್‌ನ ಹೆನ್ರಿ ಫೆಂಟನ್ 1894ರಲ್ಲಿ ಪ್ರಯೋಗಾಲಯದಲ್ಲಿ ವರ್ಣಿಸಿದ ಕ್ರಿಯೆ ಇದೇ. ಅಣಬೆಗಳು ಅದನ್ನು ಅವನಿಗಿಂತ ಎಷ್ಟೋ ಕೋಟಿ ವರ್ಷ ಮೊದಲೇ ಬಳಸುತ್ತಿದ್ದವು. ಸಾವಿರಾರು ಗ್ಲೂಕೋಸ್ ಕೊಂಡಿಗಳ ಸೆಲ್ಯುಲೋಸ್ ಸರಪಳಿ ಅಲ್ಲಲ್ಲಿ ತುಂಡಾಗುತ್ತದೆ. ಸರಪಳಿಯ ತೂಕ ಹೆಚ್ಚೇನೂ ಕಡಿಮೆಯಾಗಿಲ್ಲ, ಎಳೆತ ತಡೆಯುವ ಶಕ್ತಿ ಹೋಗಿದೆ. ಮರ ತನ್ನ ತೂಕದ 5-10% ಕಳೆದುಕೊಳ್ಳುವ ಹೊತ್ತಿಗೆ ಬಾಗುವಿಕೆ ತಾಳುವ ಬಲದಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗಿರುತ್ತದೆ. ಬಣ್ಣ ಇನ್ನೂ ಬದಲಾಗಿರುವುದಿಲ್ಲ. ಕೊನೆಯ ಹಂತದಲ್ಲಿ ಸೆಲ್ಯುಲೋಸ್ ಮುಗಿದು ಕಂದು ಲಿಗ್ನಿನ್ ಉಳಿದು, ಮರ ಬತ್ತಿದ ಕೆರೆಯ ತಳದಂತೆ ಚೌಕ ಚೌಕವಾಗಿ ಬಿರಿಯುತ್ತದೆ, ಹಿಸುಕಿದರೆ ಪುಡಿ.

ಹಾಗಾದರೆ ನೋಡಲು ಚೆನ್ನಾಗಿರುವ ಮರ ನಿಜಕ್ಕೂ ಗಟ್ಟಿಯೋ ಕುಂಬೋ ಎಂದು ತಿಳಿಯುವುದು ಹೇಗೆ? ಬಡಗಿಗಳ ಒಂದು ಪರೀಕ್ಷೆಯಿದೆ. ಮೊನಚಾದ ದಬ್ಬಳವನ್ನು ರೀಪಿನ ಎಳೆಗೆ ಅಡ್ಡವಾಗಿ, ಓರೆಯಾಗಿ ಚುಚ್ಚಿ ಮೀಟಬೇಕು. ಗಟ್ಟಿ ಮರವಾದರೆ ‘ಟಕ್’ ಎಂಬ ಸದ್ದಿನೊಂದಿಗೆ ಉದ್ದನೆಯ ಸಿಬರು ಮೇಲೇಳುತ್ತದೆ, ಒಂದು ತುದಿ ಮರಕ್ಕೇ ಅಂಟಿಕೊಂಡಿರುತ್ತದೆ. ಕೊಳೆತ ಶುರುವಾಗಿದ್ದರೆ ಸದ್ದಿಲ್ಲದೆ ದಬ್ಬಳದ ಮೇಲೇ ಅಡ್ಡಕ್ಕೆ ಮುರಿದು ಎರಡು ಮೊಂಡು ಚೂರಾಗುತ್ತದೆ. ತುಂಡಾದ ಸರಪಳಿಗಳ ರಸಾಯನಶಾಸ್ತ್ರ ಅಂಗೈಗೆ ಗೊತ್ತಾಗುವ ಬಗೆ ಇದು. ರಿಪೇರಿಯ ಗಡಿ ಗುರುತಿಸಲು ಇದಕ್ಕಿಂತ ಒಳ್ಳೆಯ ಸಾಧನ ನನಗೆ ಗೊತ್ತಿಲ್ಲ.

ರಿಪೇರಿಗೆ ಇಳಿದವರು ಮೊದಲು ಚಾವಣಿ ಹತ್ತಬೇಕು. ಒಳಗೆ ಎಷ್ಟೇ ಚೆಂದದ ಬಡಗಿ ಕೆಲಸ ಮಾಡಿದರೂ ಮೇಲಿನ ಸಂದು ತೆರೆದಿದ್ದರೆ ಮುಂದಿನ ಮಳೆಗಾಲ ಅದನ್ನು ತಿನ್ನುತ್ತದೆ. ಅನುಮಾನವಿರುವ ಪಟ್ಟಿಯನ್ನು ಸ್ಕ್ರೂ ಬಿಚ್ಚಿ ಪೂರ್ತಿ ತೆಗೆದು, ಹಳೆಯ ಮ್ಯಾಸ್ಟಿಕನ್ನು ಮರದ ಅಥವಾ ಪ್ಲಾಸ್ಟಿಕ್ಕಿನ ಚೂಪಿನಿಂದ ಕೆರೆದು, ತಗಡನ್ನು ಬರಿದುಮಾಡಿ, ಹೊಸ ಬ್ಯುಟೈಲ್ ಪಟ್ಟಿ ಹಾಸಿ, ತುಕ್ಕು ಹಿಡಿಯದ ಸ್ಟೀಲ್ ಸ್ಕ್ರೂಗಳಿಂದ ಕೂರಿಸಬೇಕು. ಪಟ್ಟಿಯ ಹೊರಗಂಚಿಗೆ ಬಚ್ಚಲುಮನೆಯ ಸಿಲಿಕೋನ್ ಬಳಿದು ಕೈತೊಳೆದುಕೊಳ್ಳುವುದು ಎಲ್ಲೆಡೆ ಕಾಣುವ ಅಡ್ಡದಾರಿ. ಅದು ಬೇಡವೇ ಬೇಡ. ಸಿಲಿಕೋನ್ ಸವರಿದ ಜಾಗದಲ್ಲಿ ಆಮೇಲೆ ಬೇರಾವ ಅಂಟೂ ಹಿಡಿಯುವುದಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಪಟ್ಟಿಯಡಿ ಸೇರಿದ ನೀರು ಇಳಿದುಹೋಗಲು ಇದ್ದ ಒಂದೇ ಸಂದನ್ನೂ ಅದು ಮುಚ್ಚುತ್ತದೆ.

ಆಮೇಲೆ ಗೋಡೆ ತೆರೆಯುವುದು. ಒಳಗಿನ ಪ್ಲೈವುಡ್ಡನ್ನು ಕೊಯ್ದು ತೆಗೆದರೆ ಕಪ್ಪು ರೀಪು, ಕಂದು ಕಲೆಯ ಥರ್ಮೋಕೋಲ್ ಕಾಣುತ್ತವೆ. ಬೂಷ್ಟಿನ ಬೀಜಕಣ ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಆದ್ದರಿಂದ ಒಳ್ಳೆಯ ಮುಖಗವಸು ಬೇಕು. ದಬ್ಬಳದ ಪರೀಕ್ಷೆ ಎಲ್ಲಿ ಉದ್ದ ಸಿಬರು ಕೊಡುತ್ತದೋ ಅಲ್ಲಿಂದ ಇನ್ನೂ ಸ್ವಲ್ಪ ಆಚೆಗೆ, ಜಾಗವಿದ್ದರೆ 300 ಮಿ.ಮೀ.ವರೆಗೆ ಕೊಯ್ದು ತೆಗೆಯುವುದು ಒಳ್ಳೆಯದು, ಏಕೆಂದರೆ ಶಿಲೀಂಧ್ರದ ಎಳೆಗಳು ಕಣ್ಣಿಗೆ ಕಾಣುವ ಕೊಳೆತಕ್ಕಿಂತ ಮುಂದೆ ಹೋಗಿರುತ್ತವೆ. ಒಣಗಿದರೆ ಅವು ಸಾಯುತ್ತವೆಂದು ನಂಬುವಂತಿಲ್ಲ. ತೇವ ಹೋದ ಮರದೊಳಗೆ ವರ್ಷಗಟ್ಟಲೆ ಸುಪ್ತವಾಗಿ ಉಳಿದು, ನೀರು ಬಂದಾಗ ಮತ್ತೆ ಏಳಬಲ್ಲವು.

ಉಳಿದ ಮರ ಒಣಗಲು ಎಷ್ಟು ನೀರು ಹೋಗಬೇಕು? 38 ಮಿ.ಮೀ. ಅಗಲ, 25 ಮಿ.ಮೀ. ದಪ್ಪದ ಸ್ಪ್ರೂಸ್ ರೀಪು ಮೀಟರಿಗೆ ಸುಮಾರು 400 ಗ್ರಾಂ ಒಣಮರ. 35%ರಿಂದ 15%ಕ್ಕೆ ಇಳಿಯಬೇಕಾದರೆ ಮೀಟರಿಗೆ 80 ಗ್ರಾಂ ನೀರು. ಇಪ್ಪತ್ತು ಮೀಟರ್ ರೀಪು ನೆಂದಿದ್ದರೂ ಒಟ್ಟು 1.6 ಲೀಟರ್, ಒಂದು ದೊಡ್ಡ ಬಾಟಲಿಯಷ್ಟು. ಇಷ್ಟೇ ನೀರು ಆ ಗೋಡೆಯನ್ನೆಲ್ಲ ತಿಂದುಹಾಕಿರುತ್ತದೆ. ತೆರೆದ ಗೋಡೆಯೆದುರು ಡಿಹ್ಯೂಮಿಡಿಫೈಯರ್ ಇಟ್ಟು, ಕಿಟಕಿ ಮುಚ್ಚಿ, ದಿನಕ್ಕೊಂದು ಅಂಕಿ ಬರೆಯುತ್ತ ಹೋಗಬೇಕು. ಮೇಲ್ಮೈ ಬೇಗ ಒಣಗಿ ತಿರುಳು ಹಿಂದುಳಿಯುತ್ತದೆ. ಆದ್ದರಿಂದ ಸೂಜಿಯನ್ನು ಆಳಕ್ಕೆ ಒತ್ತಿ ಓದಬೇಕು. ಅಂಕಿ ಸತತವಾಗಿ 15ರ ಆಸುಪಾಸಿಗೆ ಬಂದು ನಿಲ್ಲುವವರೆಗೆ ಹೊಸ ಮರ ತರುವ ಆತುರ ಬೇಡ. ಇಡೀ ಕೆಲಸದಲ್ಲಿ ಅತಿ ಕಷ್ಟದ ಭಾಗ ಈ ಕಾಯುವುದೇ.

ಕಾಯಲಾರದವರಿಗೆಂದೇ ಅಂಗಡಿಯಲ್ಲಿ ರೆಸಿನ್ ಸಿಗುತ್ತದೆ. ಪ್ಲೈವುಡ್ಡಿಗೆ ಸಾಲು ತೂತು ಕೊರೆದು ಸಿರಿಂಜಿನಿಂದ ಒಳಗೆ ತುಂಬಿದರೆ ಗೋಡೆ ಗಟ್ಟಿಯಾಗುತ್ತದೆ ಎನ್ನುತ್ತಾರೆ. ಗೋಡೆ ತಟ್ಟಿದಾಗ ಹಾಗೆ ಅನಿಸುವುದೂ ನಿಜ. ಆದರೆ ರೆಸಿನ್ ಹೋದಲ್ಲಷ್ಟೇ ಗಟ್ಟಿ, ಒದ್ದೆ ಮರಕ್ಕೆ ಅದು ಸರಿಯಾಗಿ ಹಿಡಿಯುವುದಿಲ್ಲ, ಮತ್ತು ಅದರ ಹಿಂದೆ ಸಿಕ್ಕಿಬಿದ್ದ ನೀರಿಗೆ ಇನ್ನೆಂದೂ ಬಿಡುಗಡೆಯಿಲ್ಲ. ಕಿಟಕಿಯ ಚೌಕಟ್ಟಿನ ಸ್ಕ್ರೂ ತೂತಿನಂಥ ಸಣ್ಣ ಜಾಗದಲ್ಲಿ, ಪೂರ್ತಿ ಒಣಗಿದ ಮರಕ್ಕೆ ತೆಳು ಎಪಾಕ್ಸಿ ಕುಡಿಸುವುದು ಸರಿ. ಭಾರ ಹೊರುವ ರೀಪಿಗೆ ಅದು ಪರಿಹಾರವಲ್ಲ.

ಉಳಿಸಿಕೊಂಡ ಮರಕ್ಕೆ ಬಿಳಿಗಾರದ ದ್ರಾವಣ ಬಳಿಯಬೇಕು. ಬೋರಾನ್ ಶಿಲೀಂಧ್ರಕ್ಕೆ ವಿಷ, ಅಗ್ಗ, ಮನುಷ್ಯರಿಗೆ ತಕ್ಕಮಟ್ಟಿಗೆ ಸುರಕ್ಷಿತ. ತುಸು ತೇವವಿರುವ ಮರದೊಳಗೆ ತಾನಾಗಿ ಹರಡಿಕೊಳ್ಳುತ್ತದೆ. ಅದೇ ಅದರ ಮಿತಿಯೂ ಹೌದು. ಸೋರಿಕೆ ಮುಂದುವರಿದರೆ ನೀರಿನೊಂದಿಗೆ ತೊಳೆದುಹೋಗುತ್ತದೆ. ತೊಳೆದುಹೋಗದ ಔಷಧ ಹುಡುಕಿದವರು ಭಾರತದವರೇ ಆದ ಸೊಂಟಿ ಕಾಮೇಶಂ. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ 1933ರಲ್ಲಿ ಅವರು ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಬೆರೆಸಿದರು. ತಾಮ್ರ ಶಿಲೀಂಧ್ರಕ್ಕೆ, ಆರ್ಸೆನಿಕ್ ಕೀಟಕ್ಕೆ ಮತ್ತು ತಾಮ್ರ ತಾಳಿಕೊಳ್ಳುವ ಶಿಲೀಂಧ್ರಗಳಿಗೆ, ಕ್ರೋಮಿಯಂ ಎರಡನ್ನೂ ಮರಕ್ಕೆ ಕಚ್ಚಿ ಹಿಡಿಸುವುದಕ್ಕೆ. ಸಿಸಿಎ ಎಂಬ ಹೆಸರಿನಲ್ಲಿ ಅದು ಜಗತ್ತಿನ ತುಂಬ ವಿದ್ಯುತ್ ಕಂಬಗಳನ್ನೂ ಬೇಲಿಗಳನ್ನೂ ಕಾಯಿತು. ಆರ್ಸೆನಿಕ್ಕಿನ ಭಯದಿಂದ ಯೂರೋಪಿನಲ್ಲಿ 2004ರಿಂದ ಮನೆಬಳಕೆಯ ಮರಕ್ಕೆ ನಿಷಿದ್ಧ. ಜನ ಮಲಗುವ ಮೋಟಾರ್‌ಹೋಮಿನೊಳಗೆ ಬಿಳಿಗಾರವೇ ಸರಿ.

ಹೊಸ ರೀಪನ್ನು ಹಳೆಯದಕ್ಕೆ ಮೊಂಡಾಗಿ ತುದಿಗೆ ತುದಿ ಇಟ್ಟು ಅಂಟಿಸಿದರೆ ನಿಲ್ಲದು. ಕೊಯ್ದ ತುದಿಯಲ್ಲಿ ಮರವೆಂದರೆ ಕೊಳವೆಗಳ ಬಾಯಿ. ಅಂಟನ್ನು ಅದು ಹೀರಿಕೊಂಡು ಕೀಲನ್ನು ಬರಿದು ಮಾಡುತ್ತದೆ. ಎರಡನ್ನೂ 1ಕ್ಕೆ 8ರ ಓರೆಯಲ್ಲಿ ಕೊಯ್ದು ಒಂದರ ಮೇಲೊಂದು ಮಲಗಿಸಬೇಕು. 25 ಮಿ.ಮೀ. ದಪ್ಪದ ರೀಪಿಗೆ 200 ಮಿ.ಮೀ. ಉದ್ದದ ಓರೆ. ಆಗ ಅಂಟು ಹಿಡಿಯುವ ಹರವು ಎಂಟು ಪಟ್ಟು, ಅದೂ ಹೆಚ್ಚಿನಂಶ ಎಳೆಯ ಪಕ್ಕದ ಮೈ. ಎಳೆತ ಒಂದು ರೀಪಿನಿಂದ ಇನ್ನೊಂದಕ್ಕೆ ನಿಧಾನವಾಗಿ ದಾಟುತ್ತದೆ. ಉಳಿಯಿಂದ ಮಟ್ಟ ಮಾಡಿದ ಎರಡು ಓರೆಗಳು ಬೆಳಕು ತೂರದಂತೆ ಕೂತವೋ ಇಲ್ಲವೋ ನೋಡಿಯೇ ಪಾಲಿಯುರಿಥೇನ್ ಅಂಟು ಹಚ್ಚಬೇಕು. ನಿಂತ ರೀಪುಗಳ ಮೇಲ್ತುದಿಗೆ ಒಂದು ಕೈ ಎಪಾಕ್ಸಿ ಬಳಿದರೆ ಮುಂದೆ ಯಾವಾಗಲಾದರೂ ಬರುವ ಹನಿಗೆ ಬಾಗಿಲು ಮುಚ್ಚಿದಂತೆ. ಥರ್ಮೋಕೋಲನ್ನು ಸಂದಿಲ್ಲದಂತೆ ಕತ್ತರಿಸಿ ಕೂರಿಸಿ, ಹೊಸ ಪ್ಲೈವುಡ್ಡಿಗೆ ಅಂಟು ಹಚ್ಚಿ, ಎದುರು ಗೋಡೆಯಿಂದ ಕೋಲು ಕೊಟ್ಟು ಒತ್ತಿ ಒಂದು ರಾತ್ರಿ ಬಿಟ್ಟರೆ ಬಡಗಿ ಕೆಲಸ ಮುಗಿಯಿತು.

ಈ ಪಾಡು ಬೇಡವೆಂದೇ ಕಾರ್ಖಾನೆಗಳು ಮರ ಬಿಡತೊಡಗಿದವು. ಜರ್ಮನಿಯ ಹೈಮರ್ ಬಹಳ ಹಿಂದೆಯೇ ಅಲ್ಯೂಮಿನಿಯಂ ಮತ್ತು ಪಾಲಿಯುರಿಥೇನ್ ನೊರೆಯ ಗೋಡೆ ತಂದಿತು. ಬ್ರಿಟನ್ನಿನ ಸ್ವಿಫ್ಟ್ ಕಂಪನಿ 2010ರ ದಶಕದಲ್ಲಿ ಗೋಡೆಯ ರೀಪುಗಳ ಜಾಗಕ್ಕೆ ಪಾಲಿಯುರಿಥೇನ್ ಪಟ್ಟಿ ಇಟ್ಟಿತು. ಇದು ನಿಜವಾದ ಸುಧಾರಣೆ. ಆದರೂ ನೀರು ಒಳಬಂದರೆ ಪ್ಲೈವುಡ್ ನೆನೆಯುತ್ತದೆ, ನೆಲದ ಪದರಗಳು ಬಿಡುತ್ತವೆ. ಹೊಸ ಗಾಡಿ ಕೊಂಡವರೂ ಮಾಪಕವನ್ನು ಮನೆಯಲ್ಲಿ ಬಿಡುವಂತಿಲ್ಲ.

ರಿಪೇರಿಯಾದ ಗೋಡೆಯ ಅಂಕಿಗಳನ್ನು ಪ್ಲೈವುಡ್ ಮುಚ್ಚುವ ಮೊದಲೊಮ್ಮೆ, ಮುಚ್ಚಿದ ಒಂದು ತಿಂಗಳಿಗೆ ಇನ್ನೊಮ್ಮೆ, ಆಮೇಲೆ ಪ್ರತಿ ಏಪ್ರಿಲ್ ಮತ್ತು ಅಕ್ಟೋಬರಿನಲ್ಲಿ, ಅದೇ ಬಿಂದುಗಳಲ್ಲಿ ಬರೆದಿಡಬೇಕು; ಆ ದಿನದ ಉಷ್ಣತೆಯನ್ನೂ ಪಕ್ಕದಲ್ಲಿ. ಒಂದು ಓದು 16 ತೋರಿಸಿದರೆ ಅದರಿಂದ ಹೆಚ್ಚೇನೂ ತಿಳಿಯದು. ಅದೇ ಬಿಂದು ಕಳೆದ ಅಕ್ಟೋಬರಿನಲ್ಲಿ 13 ಇದ್ದು, ಏಪ್ರಿಲಿನಲ್ಲಿ 14 ಆಗಿ, ಈಗ 16 ಆಗಿದ್ದರೆ ಮೇಲೆಲ್ಲೋ ಹೊಸ ಸಂದು ಬಿಟ್ಟಿದೆ ಎಂದು ಅರ್ಥ. ಆಗ ಗೋಡೆಗೆ ಇನ್ನೂ ಏನೂ ಆಗಿರುವುದಿಲ್ಲ. ಚಾವಣಿಯ ಒಂದು ಪಟ್ಟಿ ಬಿಚ್ಚಿ ಹೊಸ ಬ್ಯುಟೈಲ್ ಹಾಸಿದರೆ ಅರ್ಧ ದಿನದಲ್ಲಿ ಕೆಲಸ ಮುಗಿಯುತ್ತದೆ.